ಕೈಬಿಟ್ಟ ನಾಲ್ಕು ದೀರ್ಘ

ನನ್ನ ಸೋದರಮಾವನಿಗೆ ಓರೊಮೊ ಭಾಷೆ ಮಾತಾಡಲು ಬರುತ್ತಿರಲಿಲ್ಲ, ಸರ್ಬಿಯನ್ ಕೂಡ ಬರುತ್ತಿರಲಿಲ್ಲ. ಆದರೆ ಎರಡನ್ನೂ ಕಲ್ಲಿನ ಮೇಲೆ ಕೆತ್ತಲು ಬರುತ್ತಿತ್ತು. ಅವರ ಕಸುಬೇ ಅದು, ಸಮಾಧಿಯ ಕಲ್ಲಿಗೆ ಅಕ್ಷರ ಕೆತ್ತುವುದು. ಸ್ಮಶಾನದ ಹಿಂದಿನ ರಸ್ತೆಯಲ್ಲಿ ಒಂದು ತಗಡಿನ ಷೆಡ್ಡು, ಅದಕ್ಕೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಮಾವ, ಅತ್ತೆ. ಕಲ್ಲಿನ ಪುಡಿ ಸಕ್ಕರೆ ಡಬ್ಬಿಯೊಳಗೂ ನುಗ್ಗುತ್ತಿತ್ತು. "ಇವತ್ತು ಟೀಗೆ ಕಲ್ಲು ಒಂದು ಚಮಚ ಜಾಸ್ತಿ ಬಿತ್ತೇನಮ್ಮಾ?" ಅಂತ ನಮ್ಮಪ್ಪ ಅತ್ತೆಯನ್ನು ರೇಗಿಸುತ್ತಿದ್ದರು.

ಕಾರ್ಖಾನೆ, ಆಸ್ಪತ್ರೆಗಳ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಜನ ಬಂದು ಮಾವನ ಊರಲ್ಲಿ ನೆಲೆಸಿದ್ದರು. ಬದುಕಿರುವಾಗ ಹೇಗೋ ಹರಕುಮುರುಕು ಮಾತಿನಲ್ಲಿ ದಿನ ತಳ್ಳುತ್ತಿದ್ದವರಿಗೆ ಸತ್ತ ಮೇಲೆ ತಮ್ಮದೇ ಭಾಷೆ ಬೇಕು. ಹಾಗಾಗಿ ಮಾವನಿಗೆ ಭಾಷೆಗಳ ಪರಿಚಯವಾದದ್ದು ಉಳಿಯ ಮೂಲಕ.

"ಸರ್ಬಿಯನ್ ಕೈ ಬಿಗಿ ಕಣಮ್ಮಾ," ಅನ್ನುತ್ತಿದ್ದರು ನನಗೆ. "ಅವರ ಸಿರಿಲಿಕ್ ಲಿಪಿಯಲ್ಲಿ ಒಂದು ಸದ್ದಿಗೆ ಒಂದೇ ಅಕ್ಷರ. ನಮ್ಮ ಞ ಇದೆಯಲ್ಲ, ಅದಕ್ಕೂ ಒಂದೇ. ಓರೊಮೊದವರು ಬರೆಯೋದು ಇಂಗ್ಲಿಷ್ ಅಕ್ಷರದಲ್ಲಿ, ಅದೇ ಸದ್ದಿಗೆ ಎರಡು ಬೇಕು. ದೀರ್ಘ ಬಂತೋ, ಅ ಪಕ್ಕ ಇನ್ನೊಂದು ಅ. ನಮ್ಮ ಹಾಗೆ ಒಂದು ಗೆರೆ ಎಳೆದು ಮುಗಿಸೋ ಹಾಗಿಲ್ಲ. ಕಲ್ಲು ಸಾಲೋದೇ ಇಲ್ಲ!"

ಎರಡೂ ಭಾಷೆಯಲ್ಲಿ ಸೋದರಮಾವನಿಗೆ ಬೇರೆ ಪದ, ಚಿಕ್ಕಪ್ಪನಿಗೆ ಬೇರೆ ಪದ ಇದೆಯೆಂದು ತಿಳಿದ ದಿನ ಫೋನ್ ಮಾಡಿದ್ದರು. "ಓರೊಮೊದಲ್ಲಿ ನಾನು ನಿನಗೆ ಏಸ್ಸುಮ, ಸರ್ಬಿಯನ್‌ನಲ್ಲಿ ಉಯಾಕ್. ಎಲ್ಲಿ ಹೋದರೂ ನನ್ನ ಮರ್ಯಾದೆ ಉಳೀತು ನೋಡು!" ಹೀಗೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಅವರಿಗೊಂದು ಹುಚ್ಚೇ ಆಗಿತ್ತು. ಮುಂದೆ ಅದೇ ಅವರಿಗೆ ಮುಳುವಾಯಿತು.

ಬಟ್ಟೆ ಹೊಲಿಯುವ ಒಬ್ಬ ಸರ್ಬಿಯನ್ ಅಜ್ಜಿ ಗಂಡನ ಕಲ್ಲು ಕೆತ್ತಿಸಲು ಬಂದರು. ಅವರು ಕೊಟ್ಟ ಚೀಟಿಯಲ್ಲಿ 'ಗ್ರಾದ್' ಅನ್ನುವ ಪದವಿತ್ತು. ಮಾವ ಅರ್ಥ ಕೇಳಿದರು.

"ಪಟ್ಟಣ ಅಂತ. ಆಲಿಕಲ್ಲು ಅಂತಲೂ ಆಗುತ್ತೆ," ಅಂದರು ಅಜ್ಜಿ. "ಎಳೆದು ಹೇಳಿದರೆ ಪಟ್ಟಣ, ಮೊಟಕಾಗಿ ಹೇಳಿದರೆ ಆಲಿಕಲ್ಲು. ಬರೆಯೋದು ಎರಡನ್ನೂ ಒಂದೇ ಥರ."

ಮಾವನಿಗೆ ಗಾಬರಿ. "ಹಾಗಾದರೆ ಓದುವವರಿಗೆ ಗೊತ್ತಾಗೋದು ಹೇಗಮ್ಮಾ?"

"ನನ್ನ ಗಂಡ ಆಲಿಕಲ್ಲಿನಲ್ಲಿ ಹುಟ್ಟಿದ ಅಂತ ಯಾರಾದರೂ ಓದ್ತಾರೇನಪ್ಪಾ?" ಎಂದು ಅಜ್ಜಿ ಬಾಯ್ತುಂಬ ನಕ್ಕರು. ಮಾವನೂ ನಕ್ಕರು. ಗೊತ್ತಿದ್ದವರು ಸರಿಯಾಗಿಯೇ ಓದಿಕೊಳ್ಳುತ್ತಾರೆ ಎಂಬ ಮಾತು ಅವತ್ತು ಅವರ ತಲೆಯಲ್ಲಿ ಕೂತುಬಿಟ್ಟಿತು.

ಮುಂದಿನ ವರ್ಷ ಆಸ್ಪತ್ರೆಯ ನರ್ಸ್ ಒಬ್ಬರು ತಂದೆಯ ಕಲ್ಲಿಗಾಗಿ ಬಂದರು. ಅವರ ಮನೆಮಾತು ಓರೊಮೊ. ಚಿಕಿತ್ಸೆಗೆಂದು ಮಗಳ ಬಳಿ ಬಂದಿದ್ದ ತಂದೆ ಇಲ್ಲೇ ತೀರಿಕೊಂಡಿದ್ದರು. ದೂರದ ಊರಿನಲ್ಲಿದ್ದ ತಾಯಿಗೆ ಮುಖ ನೋಡಲೂ ಬರಲಾಗಿರಲಿಲ್ಲ. ಈಗ ಹತ್ತು ದಿನದ ಮಟ್ಟಿಗೆ ಬರುವವರಿದ್ದರು. ಹೆಸರಿನ ಕೆಳಗೆ ಒಂದೇ ಸಾಲು ಬೇಕಿತ್ತು: ಅಬ್ಬಾ ಗರಾ ಲಾಫಾ. ಅಂದರೆ ಮೆದು ಮನಸ್ಸಿನ ಅಪ್ಪ.

ಎಲ್ಲ ಸರಿಯಿತ್ತು. ಹೆಸರು ಕೆತ್ತಿ ಮುಗಿಸಿದ ಮೇಲೆ ಕಲ್ಲಿನ ಬಲ ಅಂಚು ಚಕ್ಕೆಯೆದ್ದು ಒಡೆಯಿತು. ಮಾವ ಆ ಅಂಚನ್ನು ತೇಯ್ದು ನೇರ ಮಾಡಿದರು. ಈಗ ಆ ಸಾಲು ಕಲ್ಲಿನ ಅಗಲದಲ್ಲಿ ಹಿಡಿಯಲಿಲ್ಲ. ನಾಲ್ಕು ಅಕ್ಷರ ಹೆಚ್ಚು.

"ಅಕ್ಷರ ಸಣ್ಣದು ಮಾಡಿ," ಅಂದರು ಅತ್ತೆ.

"ಸಣ್ಣದು ಮಾಡಿದರೆ ಹತ್ತು ವರ್ಷಕ್ಕೆ ಸವೆದು ಹೋಗುತ್ತೆ. ನಾಲ್ಕು ಕಡೆ ಅ ಎರಡೆರಡು ಸಲ ಇದೆ, ಒಂದೊಂದು ತೆಗೆದರೆ ಸರಿಹೋಗುತ್ತೆ. ಅವರ ಭಾಷೆ ಅವರಿಗೆ ಗೊತ್ತಿಲ್ವಾ? ಎಳೆದು ಓದಿಕೊಳ್ತಾರೆ."

"ಆ ಹುಡುಗಿಗೆ ಒಂದು ಫೋನ್ ಮಾಡಿ ಕೇಳಿರಿ."

"ಕೇಳಿದರೆ ಬೇಡ ಅಂತಾಳೆ," ಅಂದರು ಮಾವ.

ಈ ಮಾತನ್ನು ಮಾವನೇ ನನಗೆ ಎಷ್ಟೋ ಸಲ ಹೇಳಿದ್ದಾರೆ. "ಗೊತ್ತಿಲ್ಲದೆ ಮಾಡಿದ್ದಲ್ಲ ಕಣಮ್ಮಾ. ಬೇಡ ಅಂತಾಳೆ ಅಂತ ಗೊತ್ತಿತ್ತು."

ಕಲ್ಲು ನಿಲ್ಲಿಸಿದ ಮಧ್ಯಾಹ್ನ ತಾಯಿ, ಮಗಳು ಬಂದರು. ಮಾವ ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ತಾಯಿ ಮೊಣಕಾಲೂರಿ ಕೂತು, ಅಕ್ಷರಗಳ ಗುಳಿಯಲ್ಲಿ ಬೆರಳಾಡಿಸುತ್ತಾ ಒಂದೊಂದಾಗಿ ಓದಿದರು. ಕೊನೆಗೆ ಬಂದಾಗ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಓದಿದರು. ಮಗಳಿಗೆ ಏನೋ ಹೇಳಿದರು. ಮಗಳು ಕಲ್ಲು ನೋಡಿದವರು ಬಾಯಿಗೆ ಕೈ ಅಡ್ಡ ಹಿಡಿದರು.

"ಏನಾಯ್ತಮ್ಮಾ?" ಅಂದರು ಮಾವ.

"ಮೇಸ್ತ್ರಿಗಳೇ, ಗರಾ ಅಂದರೆ ಹೊಟ್ಟೆ, ಮನಸ್ಸು. ಗರ ಅಂದರೆ 'ಕಡೆಗೆ'. ಲಾಫಾ ಅಂದರೆ ಮೆದು. ಲಫ ಅಂದರೆ ನೆಲ." ನರ್ಸ್ ಗದರಲಿಲ್ಲ, ಬಿಡಿಸಿ ಹೇಳಿದರು ಅಷ್ಟೆ. "ಅಪ್ಪ, ನೆಲದ ಕಡೆಗೆ. ಅಮ್ಮ ಓದಿದ್ದು ಹಾಗೆ."

"ನೀವು... ಗೊತ್ತಿದ್ದವರು ಎಳೆದು ಓದಿಕೊಳ್ತಾರೆ ಅಂತ..."

"ನಾನು ಓದಿಕೊಳ್ತಿದ್ದೆನೇನೋ. ಅಮ್ಮ ಅಕ್ಷರ ಕಲಿತದ್ದೇ ಐವತ್ತು ದಾಟಿದ ಮೇಲೆ. ಕಲಿಸಿದ್ದು ಅಪ್ಪ. ಎರಡು ಅ ಕಂಡರೆ ಎರಡರಷ್ಟು ಹೊತ್ತು ನಿಲ್ಲು, ಒಂದೇ ಇದ್ದರೆ ಮುಂದೆ ಹೋಗು ಅಂತ ಹೇಳಿಕೊಟ್ಟಿದ್ದರು."

ತಾಯಿ ಇನ್ನೊಂದು ಮಾತು ಹೇಳಿದರು. ಮಗಳು ಅದನ್ನು ಮಾವನಿಗೆ ಹೇಳಲು ಒಪ್ಪಲಿಲ್ಲ. ಮಾವ ಬಹಳ ಕೇಳಿದ ಮೇಲೆ ಹೇಳಿದರು: "ಇದನ್ನು ಬರೆದವರಿಗೆ ಅಪ್ಪನ ಪರಿಚಯ ಇರಲಿಲ್ಲ ಅಂತಾರೆ."

ಮಾವ ಅಂದೇ ಹೊಸ ಕಲ್ಲಿಗೆ ಹೇಳಿದರು. ಅಷ್ಟು ಅಗಲದ ಕಲ್ಲು ಬರಲು ಹದಿನೈದು ದಿನ ಹಿಡಿಯಿತು. ಅಷ್ಟರಲ್ಲಿ ತಾಯಿ ಹೊರಟುಹೋಗಿದ್ದರು. ಆ ಸಾಲಿನ ಹದಿನಾರು ಇಂಗ್ಲಿಷ್ ಅಕ್ಷರವನ್ನೂ ಬಿಡದೆ ಕೆತ್ತಿ, ನರ್ಸನ್ನು ಕರೆಸಿ ಮೂರು ಸಲ ಗಟ್ಟಿಯಾಗಿ ಓದಿಸಿ, ಆಮೇಲೆ ನಿಲ್ಲಿಸಿದರು. ಹಳೆಯದನ್ನು ಒಡೆಯಲು ಕೈ ಬರಲಿಲ್ಲ, ಸತ್ತವರ ಹೆಸರು ಅದರಲ್ಲಿತ್ತು. ಷೆಡ್ಡಿನ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಇಟ್ಟರು. ಅಲ್ಲಿಂದ ಮುಂದೆ ಭಾಷೆಗಳ ಬಗ್ಗೆ ನನಗೆ ಫೋನ್ ಮಾಡಲಿಲ್ಲ. ನಾನೇ ಕೆದಕಿದರೆ, "ನನಗೇನು ಗೊತ್ತಮ್ಮಾ, ನಾನು ಕಲ್ಲು ಕುಟ್ಟುವವನು" ಅಂದುಬಿಡುತ್ತಿದ್ದರು.

ಹೊಸ ಕಲ್ಲಿನ ಫೋಟೋ ತಾಯಿಗೆ ಕಳಿಸಲಾಗಿತ್ತು. ಎಷ್ಟೋ ತಿಂಗಳಾದ ಮೇಲೆ ಔಷಧಿ ಅಂಗಡಿಯಲ್ಲಿ ನರ್ಸ್ ಸಿಕ್ಕಾಗ ಮಾವ ತಡೆಯಲಾರದೆ ಕೇಳಿದರು: "ಅಮ್ಮ ಓದಿದರಾ?"

"ಆಗಲೇ ಮಂಜಾಗಿದ್ದ ಅವರ ಕಣ್ಣು ಈಗ ಪೂರ್ತಿ ಹೋಗಿದೆ ಮೇಸ್ತ್ರಿಗಳೇ. ಫೋನ್‌ನಲ್ಲಿ ನಾನೇ ಓದಿ ಹೇಳಿದೆ, ಈಗ ಸರಿಯಾಗಿದೆ ಅಂದೆ."

"ಏನಂದರು?"

"ಹೂಂ ಅಂದರು."

ಆ ಹೂಂ ನಂಬಿ ಅಂದದ್ದೋ, ಮಗಳ ಸಮಾಧಾನಕ್ಕೆ ಅಂದದ್ದೋ ಎಂದು ಕೇಳುವ ಧೈರ್ಯ ಮಾವನಿಗೆ ಬರಲಿಲ್ಲ. ಮಾತ್ರೆಯ ಪೊಟ್ಟಣ ಕೌಂಟರಿನ ಮೇಲೆಯೇ ಮರೆತು ಮನೆಗೆ ನಡೆದು ಬಂದರು. ಅತ್ತೆ ಹೋಗಿ ತಂದರು.