ಬೂದು ಹಕ್ಕಿಯ ಬಣ್ಣ

ತುಮಕೂರಿನ ಶಾಲೆಯೊಂದರಲ್ಲಿ ಹೊಲಿಗೆ ಟೀಚರ್ ಆಗಿ ನಿವೃತ್ತರಾದ ಕಮಲಮ್ಮ ಪುಣೆಯ ಮಗಳ ಮನೆಗೆ ಬಂದದ್ದು ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಬಲಗಣ್ಣಿನ ಆಪರೇಷನ್ ಸಲೀಸಾಗಿ ಮುಗಿಯಿತು. ಎಡಗಣ್ಣಿನದನ್ನು ಮುಂದಕ್ಕೆ ಹಾಕಿದರು. ಧೂಳಿಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರಿಂದ, ಹಕ್ಕಿ ನೋಡುವ ಚಟದ ಕಮಲಮ್ಮ ತಿಂಗಳಿಡೀ ಬಾಲ್ಕನಿಯ ಪಾರಿವಾಳಗಳನ್ನೇ ನೋಡಿಕೊಂಡು ಕೂರಬೇಕಾಯಿತು.

ಈ ಚಟ ಹತ್ತಿಸಿದವರು ಅದೇ ಶಾಲೆಯ ಗಣಿತದ ಟೀಚರ್ ಪಂಕಜಾಕ್ಷಿ, ಕುಂದಾಪುರದ ಕಡೆಯವರು. ಭಾನುವಾರ ಬಂತೆಂದರೆ ಇಬ್ಬರೂ ದೇವರಾಯನದುರ್ಗದ ಕಾಡುದಾರಿ ಹಿಡಿಯುತ್ತಿದ್ದರು. ಎರಡು ವರ್ಷದ ಹಿಂದೆ ಅಲ್ಲಿ ಒಣಕೊಂಬೆಯ ಮೇಲೆ ಕೂತಿದ್ದ ಹಕ್ಕಿಯೊಂದನ್ನು ಪಂಕಜಾಕ್ಷಿ ನೀಲಿ ನೊಣಹಿಡುಕ ಎಂದರು. ಕಮಲಮ್ಮನಿಗೆ ಅದು ಬೂದಾಗಿ ಕಂಡಿತ್ತು. ಮಾತಿಗೆ ಮಾತು ಬೆಳೆದು, "ಇಷ್ಟು ವರ್ಷ ದಾರದ ಬಣ್ಣ ಆರಿಸಿದ ಕಣ್ಣಿದು, ನಂಗೆ ಹೇಳ್ಕೊಡಬೇಡಿ" ಎಂದುಬಿಟ್ಟರು. ಆಮೇಲೆ ಇಬ್ಬರೂ ಜೊತೆಯಾಗಿ ಕಾಡಿಗೆ ಹೋಗಲಿಲ್ಲ.

ಫೆಬ್ರವರಿ ಕೊನೆಗೆ ಡಾಕ್ಟರು ಒಪ್ಪಿದ ಮೇಲೆ ಮಗಳು ಸಿಂಧೂರ ಅಮ್ಮನನ್ನು ತಳಜಾಯಿ ಗುಡ್ಡಕ್ಕೆ ಕರೆದುಕೊಂಡು ಹೋದಳು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಸಿರೆಲೆ ಗೊಬ್ಬರಕ್ಕೆ ಬೆಳೆಸುವ ಗ್ಲಿರಿಸಿಡಿಯಾ ಗಿಡಗಳು ಎಲೆ ಉದುರಿಸಿ ತಿಳಿಗುಲಾಬಿ ಹೂ ಬಿಟ್ಟಿದ್ದವು. ವಾಕಿಂಗಿನವರ ಮರಾಠಿ ಮಾತು ಹಿಂದೆ ಉಳಿದು ಕಾಲುದಾರಿ ಕಿರಿದಾದ ಕಡೆ, ಒಂದು ಹಕ್ಕಿ ಹಾರಿ ಹುಳ ಹಿಡಿದು ಮತ್ತೆ ಅದೇ ಕೊಂಬೆಗೆ ಬಂದು ಕೂತಿತು.

ಕಮಲಮ್ಮ ದುರ್ಬೀನು ಎತ್ತಿದರು. ಅಂದು ಕಂಡ ಹಕ್ಕಿಯದೇ ಜಾತಿ, ಅದೇ ನೆಟ್ಟಗೆ ಕೂರುವ ರೀತಿ. ಆದರೆ ಮೈಯೆಲ್ಲ ಹಸಿರು ಬೆರೆತ ನೀಲಿ. ಬಲಗಣ್ಣು ಮುಚ್ಚಿ, ಪೊರೆಯಿದ್ದ ಎಡಗಣ್ಣಿನಿಂದ ನೋಡಿದರು. ಬೂದು. ಎಡಗಣ್ಣು ಮುಚ್ಚಿದರು. ನೀಲಿ.

"ಅಮ್ಮಾ, ಯಾರಿಗೆ ಕಣ್ಣು ಹೊಡೀತಿದ್ದೀಯ?" ಎಂದಳು ಸಿಂಧೂರ.

ಕಮಲಮ್ಮ ನಗಲಿಲ್ಲ. ಹಕ್ಕಿ ಹಾರಿಹೋಗುವವರೆಗೂ ನೋಡಿ, ಕಲ್ಲೊಂದರ ಮೇಲೆ ಕೂತು ಪಂಕಜಾಕ್ಷಿಗೆ ಫೋನ್ ಮಾಡಿದರು.

"ಅದು ನೀಲಿನೇ ಕಣ್ರೀ."

"ಯಾವುದು?"

"ದುರ್ಗದ ಹಕ್ಕಿ. ನನ್ನ ಕಣ್ಣಲ್ಲಿ ಪೊರೆ ಇತ್ತು."

"ನಾನು ಅವತ್ತೇ ಹೇಳಿದ್ದಲ್ವಾ ಮಾರಾಯ್ರೆ!"

ಕಮಲಮ್ಮನಿಗೆ ಚುರ್ ಎಂದಿತು. ಫೋನ್ ಇಟ್ಟುಬಿಡೋಣ ಅನ್ನಿಸಿತು, ಇಡಲಿಲ್ಲ.

"ಹೇಳಿದ್ರಿ, ನಾನು ಕೇಳಲಿಲ್ಲ. ಮುಂದಿನ ವಾರ ಊರಿಗೆ ಬರ್ತೀನಿ. ದುರ್ಗಕ್ಕೆ ಹೋಗೋಣ್ವಾ?"

"ನನ್ನ ಮಂಡಿ ಈಗ ಗುಡ್ಡ ಹತ್ತೂದಿಲ್ಲ. ಕೆರೆ ಬದಿಗೆ ಹೋಗುವ. ಕೂತ್ಕೊಂಡೇ ನೋಡ್ಬಹುದು."

ಆಗಲಿ ಎಂದರು ಕಮಲಮ್ಮ. ಇನ್ನೊಂದು ಕಣ್ಣನ್ನೂ ಈ ಸಲವೇ ಮಾಡಿಸಿಬಿಡೋಣ ಎಂದು ಮಗಳು ಅಂದಾಗ, "ಮೊದಲು ಊರಿಗೆ ಹೋಗಿ ಬರ್ತೀನಿ" ಎಂದು ಅವಳ ಕೈ ಹಿಡಿದು ಎದ್ದರು.