ಅವ್ವ ಹಂದಿಗೂಡು ತೊಳೆದದ್ದು

ಹಂದಿ ಸಾಕುವವರ ಮೈಯೇ ನಾರುತ್ತದೆ ಎನ್ನುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಬಾಯಿ ನೋವು, ಅಷ್ಟೆ. ಸಿಂಗಸಂದ್ರದ ಹಿಂಭಾಗದಲ್ಲಿ, ಅಪ್ಪ ಬಿಟ್ಟುಹೋದ ತುಂಡು ಜಾಗದಲ್ಲಿ ನಾನೂ ಅವ್ವನೂ ಹಂದಿ ಸಾಕಿಕೊಂಡಿದ್ದೆವು. ಸುತ್ತ ರಾಗಿ ಹೊಲವಿದ್ದಾಗ ಯಾರೂ ಏನೂ ಅಂದವರಲ್ಲ. ಆಮೇಲೆ ಪಕ್ಕದಲ್ಲೇ ಅಪಾರ್ಟ್‌ಮೆಂಟ್ ಎದ್ದಿತು. ಅದಕ್ಕೆ ಬಾಲ್ಕನಿಗಳು ಬಂದವು, ಬಾಲ್ಕನಿಗಳಲ್ಲಿ ಮೂಗು ಮುಚ್ಚಿಕೊಂಡ ಜನ ಬಂದರು.

ಅಂಥವರು ತಟ್ಟೆಯಲ್ಲಿ ಬಿಟ್ಟದ್ದನ್ನೇ ನಮ್ಮ ಹಂದಿಗಳು ತಿನ್ನುತ್ತಿದ್ದುದು. ದಿನಾ ಬೆಳಗ್ಗೆ ಗೂಡ್ಸ್ ಆಟೋದಲ್ಲಿ ಡ್ರಮ್ಮು ಹಾಕಿಕೊಂಡು ಪಿಜಿ ಹಾಸ್ಟೆಲ್ಲುಗಳ ಹಿಂಬಾಗಿಲಿಗೆ ಹೋಗಿ ಮುಸುರೆ ತುಂಬಿಸಿಕೊಂಡು ಬರುತ್ತಿದ್ದೆ. ಮನೆಗೆ ಬಂದು ಅದರಲ್ಲಿ ಕೈಯಾಡಿಸಿ ಟಿಶ್ಯೂ, ಸಾಸ್ ಪ್ಯಾಕೆಟ್ಟು, ಪ್ಲಾಸ್ಟಿಕ್ ಚಮಚ ಹೆಕ್ಕಬೇಕು. ಹಂದಿಜ್ವರದ ಭಯ ಹುಟ್ಟಿದ ಮೇಲೆ ಅದನ್ನು ಕುದಿಸದೆ ಹಾಕುವ ಹಾಗೂ ಇರಲಿಲ್ಲ. ಸೌದೆ ಒಟ್ಟಿ, ಹೊಗೆ ಕುಡಿದು, ಡ್ರಮ್ಮು ಕೊತಕೊತ ಅನ್ನುವ ಹೊತ್ತಿಗೆ ಸೊಂಟ ಬಿದ್ದುಹೋಗುತ್ತಿತ್ತು. ಹಂದಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ.

ದೂರುಗಳು ಜಾಸ್ತಿಯಾದಾಗ ಪಶುವೈದ್ಯರೊಬ್ಬರು ಒಂದು ದಾರಿ ಹೇಳಿಕೊಟ್ಟರು. ಗೂಡಿನ ನೆಲ ಅಗೆದು, ಮರದ ಪುಡಿ, ಭತ್ತದ ಹೊಟ್ಟು, ಒಂದಿಷ್ಟು ಕೆಮ್ಮಣ್ಣು ಬೆರೆಸಿ ಮೊಣಕಾಲುದ್ದ ತುಂಬಬೇಕು. ಹಂದಿ ಅದರಲ್ಲೇ ಮಲಗಿ, ಕೆದಕಿ, ಹೇತು ಓಡಾಡಿಕೊಂಡಿರುತ್ತದೆ. ನಾವು ಆಗಾಗ ಸಲಿಕೆಯಲ್ಲಿ ತಿರುವಿ ಹಾಕಿದರೆ ಎಲ್ಲ ಒಳಗೇ ಕಳಿತು ಗೊಬ್ಬರವಾಗುತ್ತದೆ. ನಂಬಿಕೆ ಇಲ್ಲದೇ ಮಾಡಿದೆ. ಆದರೆ ವಾಸನೆ ನಿಜವಾಗಿಯೂ ಹೋಯಿತು. ಗುಲಾಬಿ ಬೆಳೆಯುವವರು ಬಂದು ಗೊಬ್ಬರ ಕೇಳತೊಡಗಿದರು. ಒಂದೇ ಒಂದು ನಿಯಮ: ಆ ಹಾಸಿಗೆಗೆ ನೀರು ಬೀಳಕೂಡದು. ಬಿದ್ದರೆ ಒಳಗೆ ಕೊಳೆತು ಊರೆಲ್ಲ ನಾರುತ್ತದೆ.

ಅವ್ವನಿಗೆ ಇದು ಕೊನೆಗೂ ಹಿಡಿಸಲಿಲ್ಲ. "ತೊಳೀದಿರೋ ಗೂಡು ಯಾವ ಗೂಡ್ಲಾ? ಅದ್ಕೇ ಅವ್ರು ನಮ್ಮನ್ನ ಗಲೀಜು ಜನ ಅನ್ನೋದು" ಎನ್ನುತ್ತಿದ್ದಳು. ಬೇಡವೆಂದು ಎಷ್ಟು ಹೇಳಿದರೂ ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡುತ್ತಿದ್ದಳು.

ಅಪಾರ್ಟ್‌ಮೆಂಟಿನವರ ಕೊನೆಯ ದೂರು ದೊಡ್ಡದಿತ್ತು. ವಿಚಾರಣೆಗೆಂದು ಪಾಲಿಕೆಯಿಂದ ನೇಮಕವಾದ ಮೇಡಂ ಫೋನಿನಲ್ಲಿ ನೇರವಾಗಿಯೇ ಹೇಳಿದರು: "ಸೋಮವಾರ ಬರ್ತೀನಿ. ವಾಸನೆ ಇಲ್ಲ ಅಂದ್ರೆ ಇಲ್ಲ ಅಂತಾನೇ ಬರೀತೀನಿ. ಇದ್ರೆ ಮಾತ್ರ ಹಂದಿಗಳ್ನ ಖಾಲಿ ಮಾಡ್ಬೇಕಾಗತ್ತೆ ಕಣ್ರೀ." ನನಗೆ ಧೈರ್ಯವಿತ್ತು. ಹೊಸ ಹೊಟ್ಟು ಹಾಕಿಬಿಡೋಣ ಎಂದು ಭಾನುವಾರ ಚಂದಾಪುರದ ಕಡೆ ಹೋದೆ. ಲೋಡು ತಡವಾಯಿತು, ಅಲ್ಲೇ ಅಕ್ಕನ ಮನೆಯಲ್ಲಿ ಉಳಿದುಕೊಂಡೆ.

ಸೋಮವಾರ ವಾಪಸು ಬಂದಾಗ ರಸ್ತೆಯ ತಿರುವಿನಲ್ಲೇ ಗೊತ್ತಾಯಿತು. ಹಿಂದಿನ ದಿನ ಅವ್ವ ಪೈಪು ಹಿಡಿದು ಇಡೀ ಗೂಡು ತೊಳೆದಿದ್ದಳು. ಮೊಣಕಾಲುದ್ದದ ಹಾಸಿಗೆ ನೀರು ಕುಡಿದು ಕಪ್ಪಗೆ ಊದಿಕೊಂಡಿತ್ತು. ಬೆಳಗ್ಗೆ ಎದ್ದು ಅಂಗಳ ಸಾರಿಸಿ, ಗೂಡಿನ ಬಾಗಿಲಿಗೆ ರಂಗೋಲಿ ಬೇರೆ. ಅವ್ವ ಮದುವೆಗಳಿಗೆ ಮಾತ್ರ ಉಡುವ ಸೀರೆಯುಟ್ಟು ನಿಂತಿದ್ದಳು. ಮನೆಗೆ ದೊಡ್ಡವರು ಬರುವಾಗ ಅವಳ ಕಾಲದವರು ಮಾಡುತ್ತಿದ್ದುದು ಇದನ್ನೇ. ನನಗೆ ಅಳುವುದೋ ಕಿರುಚುವುದೋ ತಿಳಿಯಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಮೇಡಂ ಜೀಪು ಬಂದು ನಿಂತಿತು.

ಒಳ್ಳೆಯ ಹೆಂಗಸು. ಮೂಗಿಗೆ ಕರ್ಚೀಫು ಹಿಡಿದರೂ ಮುಖ ಸಿಂಡರಿಸಲಿಲ್ಲ. "ಯಾವಾಗ್ಲೂ ಇಷ್ಟೇ ವಾಸನೆ ಇರತ್ತಾ?" ಎಂದು ಕೇಳಿದರು.

"ಇಲ್ಲ ಮೇಡಂ, ಇವತ್ತು ಮಾತ್ರ..." ಎಂದೆ.

"ಇವತ್ತೇನಾಯ್ತು?"

ಅಷ್ಟರಲ್ಲಿ ಅವ್ವ ಕೈಮುಗಿದು ಮುಂದೆ ಬಂದಳು. "ನೀವು ಬತ್ತೀರಾ ಅಂತ ನಾನೇ ಎಲ್ಲಾ ತೊಳ್ದೆ ಕಣವ್ವಾ. ನೋಡಿ, ಎಂಗೈತೆ!"

ಮೇಡಂ ನನ್ನ ಮುಖ ನೋಡಿದರು. ಅವ್ವ ತೊಳೆದದ್ದರಿಂದಲೇ ನಾರುತ್ತಿದೆ, ಒಂದು ವಾರ ಕೊಡಿ, ಎಲ್ಲ ಬದಲಿಸುತ್ತೇನೆ ಎಂದರೆ ಆ ಹೆಂಗಸು ಕೊಡುತ್ತಿದ್ದರೇನೋ. ಮಾತು ನಾಲಿಗೆಯ ತುದಿಗೆ ಬಂತು. ಅವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು, ಸೀರೆಯ ಅಂಚೆಲ್ಲ ಒದ್ದೆ, ಮುಖದಲ್ಲಿ ಆಸೆ. ಹಂದಿ, ಮುಸುರೆ, ದೂರು ಎಲ್ಲದರಿಂದ ನನಗೆ ಆಗಲೇ ಬಹಳ ಸುಸ್ತಾಗಿತ್ತು.

"ಏನಿಲ್ಲ ಮೇಡಂ" ಎಂದೆ.

ವಾರದೊಳಗೆ ಟೆಂಪೋದವರು ಬಂದು ಹಂದಿಗಳನ್ನು ತುಂಬಿಕೊಂಡು ಹೋದರು. ಗಬ್ಬದ ಹಂದಿಯೊಂದು ಹಲಗೆ ಹತ್ತಲು ಒಪ್ಪದೆ ಅರಚಿತು, ನಾನೇ ಹಿಂದಿನಿಂದ ನೂಕಿದೆ. ಗೂಡು ಖಾಲಿಯಾದ ಮೇಲೆ ಅವ್ವ ಗೋಡೆಗೆ ಒರಗಿ ಕುಳಿತಳು.

"ನಂದೇ ತಪ್ಪು ಕಣ್ಲಾ" ಎಂದಳು. ಗೊತ್ತಾಗಿಬಿಟ್ಟಿತೇನೋ ಎಂದುಕೊಂಡೆ.

"ಇನ್ನೊಂದ್ ಸಲ ತೊಳ್ದಿದ್ರೆ ಹೋಗಿರೋದು ವಾಸ್ನೆ. ಮೈ ಕೈ ನೋವು ಅಂತ ಬಿಟ್ಬುಟ್ಟೆ."