ಹುಣಸೆ ಬೀಜದ ಡಬ್ಬಿ

ಬೇಸಿಗೆಯಲ್ಲಿ ಯಾರಾದರೂ ಅಂಗಳದಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರೆ, ಆ ಹುಳಿ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನಗೆ ಬಾಯಿ ಒಣಗುತ್ತದೆ. ಹೊಸದುರ್ಗದ ಅಂಚಿನಲ್ಲಿ ತೆಂಗಿನ ತೋಟಕ್ಕೆ ಬೆನ್ನು ಹಾಕಿ ನಿಂತಿದ್ದ ನಮ್ಮ ಹೆಂಚಿನ ಮನೆ ಕಣ್ಣಿಗೆ ಕಟ್ಟುತ್ತದೆ. ಈಗ ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾರೆ. ಎಪ್ಪತ್ತರ ದಶಕದಲ್ಲಿ ನನ್ನ ಅಪ್ಪ ಆ ಊರಿನ ಸಣ್ಣ ಕ್ರೈಸ್ತ ಸಭೆಗೆ ಉಪದೇಶಿಯಾಗಿದ್ದರು. ಮನೆಯಲ್ಲಿ ಅಪ್ಪ, ಅವ್ವ, ನಾನು, ಮತ್ತೆ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಬಂದ ಅಪ್ಪನ ತಂಗಿ ಶಾಂತತ್ತೆ. ನಿಮಗೂ ಹೀಗೆ ಕಳೆದುಹೋದ ಮನೆಯೊಂದಿರಬಹುದು. ಅಲ್ಲಿ ಎಲ್ಲರೂ ಒಳ್ಳೆಯವರೇ ಇದ್ದರು ಎನ್ನುವುದಾದರೆ ಅದು ನಿಮ್ಮ ಪುಣ್ಯ.

ದೇವರು ನೋಡುವುದು ಕೈಯನ್ನಲ್ಲ, ಮನಸ್ಸನ್ನು ಎಂಬುದು ಅಪ್ಪನ ಪಾಠ. ಕುರಿ ಸಾಕುವವರ ಹಳ್ಳಿಗಳನ್ನು ಸುತ್ತಿ ಸುತ್ತಿ ಅವರಿಗೆ ಒಂದೇ ಹೋಲಿಕೆ ಅಂಟಿಕೊಂಡಿತ್ತು. “ಮನಸ್ಸು ಕುರಿ ರೊಪ್ಪ ಇದ್ದಂಗೆ. ಬಾಗ್ಲಿಗೆ ಮುಳ್ಳು ಹಾಕ್ದಿದ್ರೆ ತೋಳ ನುಗ್ತೈತೆ,” ಎನ್ನುತ್ತಿದ್ದರು. ಜೀವಮಾನದಲ್ಲಿ ಒಂದು ಮರಿಯನ್ನೂ ಮೇಯಿಸದ ಮನುಷ್ಯ. ದಿನಾ ಸಂಜೆ ಪ್ರಾರ್ಥನೆಗೆ ಮೊದಲು, ಅಂದು ಮನಸ್ಸಿಗೆ ನುಗ್ಗಿದ ಒಂದೊಂದು ಕೆಟ್ಟ ಯೋಚನೆಗೂ ಒಂದೊಂದು ಹುಣಸೆ ಬೀಜವನ್ನು ನಾವು ತಗಡಿನ ಡಬ್ಬಿಗೆ ಹಾಕಬೇಕಿತ್ತು. ಅಪ್ಪ ಕಣ್ಣು ಮುಚ್ಚಿ ಕೂರುತ್ತಿದ್ದರು, ಕಿವಿ ಮಾತ್ರ ಡಬ್ಬಿಯ ಮೇಲೆಯೇ. ಅವರದು ಯಾವಾಗಲೂ ಒಂದೇ ಬೀಜ. ಅದನ್ನೂ ಸ್ವಲ್ಪ ಎತ್ತರದಿಂದ ಬಿಡುತ್ತಿದ್ದರು, ವಿನಯ ಎಲ್ಲರಿಗೂ ಕೇಳಿಸಬೇಕಲ್ಲ. ಅವ್ವ ಅವರನ್ನು ನೋಡಿ ಒಂದು ಹಾಕುತ್ತಿದ್ದಳು. ನಾನು ಎರಡು. ಒಂದು ಹಾಕಿದರೆ ಜಂಬ, ಮೂರು ಹಾಕಿದರೆ ವಿಚಾರಣೆ ಎಂದು ಒಂಬತ್ತನೆಯ ವಯಸ್ಸಿಗೇ ಕಲಿತಿದ್ದೆ. ಇದ್ದದ್ದು ಇದ್ದಷ್ಟು ಹಾಕುತ್ತಿದ್ದವಳು ಶಾಂತತ್ತೆ ಒಬ್ಬಳೇ.

ಆ ಬೇಸಿಗೆ ಹೊಳಲ್ಕೆರೆಯಿಂದ ಒಬ್ಬ ಮೇಷ್ಟ್ರು ಬಸ್ಸು ಹಿಡಿದು ಭಾನುವಾರದ ಆರಾಧನೆಗೆ ಬರತೊಡಗಿದರು. ಹೆಂಡತಿ ತೀರಿಕೊಂಡವರು. ಮೆಲ್ಲಗೆ ಮಾತಾಡುವವರು, ಹಾಡನ್ನು ಮಾತ್ರ ಶ್ರುತಿ ತಪ್ಪಿ ಜೋರಾಗಿ ಹಾಡುತ್ತಿದ್ದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಳು. ಸಂಜೆಯ ಡಬ್ಬಿಗೆ ಅವಳ ಬೀಜ ನಾಲ್ಕಾದವು, ಐದಾದವು, ಒಂದು ದಿನ ಹಿಡಿ ತುಂಬ ಬಿದ್ದವು. ಅಪ್ಪ ಕಣ್ಣು ತೆರೆದರು.

“ಏನಮ್ಮ ಇಷ್ಟೊಂದು?”

“ಆ ಮೇಷ್ಟ್ರು ನೆನಪಾಗ್ತಾರಣ್ಣ. ಮತ್ತೆ ಮದ್ವೆ ಆಗಿದ್ರೆ ಅನ್ನಿಸ್ತೈತೆ. ಅವ್ರ ಮನಸ್ನಾಗೆ ಅಂಥದ್ದೇನೂ ಇಲ್ಲ. ತಪ್ಪು ನಂದೇ.”

“ಸೈತಾನ ಮನಸ್ಸು ಕೆಡಿಸೋಕೆ ಒಡ್ಡೋ ಶೋಧನೆ ಅದು. ಮೂರು ದಿನ ಉಪವಾಸ ಮಾಡು.”

ಮರುದಿನ ಅವ್ವ ಅಪ್ಪನ ಪೆಟ್ಟಿಗೆಯಿಂದ ಬಿಳಿ ಪಂಚೆ ತರಲು ನನ್ನನ್ನು ಕಳಿಸಿದಳು. ಪಂಚೆಯ ಮಡಿಕೆಯಲ್ಲಿ ಒಂದು ಕಾಗದವಿತ್ತು, ಮೇಷ್ಟ್ರು ಹೋದ ತಿಂಗಳು ಬರೆದದ್ದು. ನಿಮ್ಮ ತಂಗಿಯನ್ನು ಮದುವೆಯಾಗುವ ಆಸೆಯಿದೆ, ಅವರನ್ನು ಕೇಳಿ ತಿಳಿಸಿ, ಇದು ಎರಡನೆಯ ಕಾಗದ, ಇದಕ್ಕೂ ಉತ್ತರ ಬರದಿದ್ದರೆ ಅವರಿಗೆ ಮನಸ್ಸಿಲ್ಲವೆಂದು ತಿಳಿಯುತ್ತೇನೆ ಎಂದಿತ್ತು. ಅತ್ತೆ ಹೋದರೆ ಸಭೆಯಲ್ಲಿ ಹಾಡು ಎತ್ತಿಕೊಡುವವರು ಯಾರು, ಅಪ್ಪನ ತಟ್ಟೆಗೆ ಬಿಸಿ ರೊಟ್ಟಿ ಬಡಿಯುವವರು ಯಾರು? ಆ ಯೋಚನೆಗೆ ಅವರು ಒಂದು ಬೀಜವನ್ನೂ ಹಾಕಲಿಲ್ಲ. ಅದು ಅವರಿಗೆ ದೇವರ ಚಿತ್ತವಾಗಿ ಕಂಡಿರಬೇಕು. ಅಂಥ ಭಕ್ತಿಯ ಬಗ್ಗೆ ನನಗೆ ಇವತ್ತಿಗೂ ಹೇಸಿಗೆ.

ಕಾಗದವನ್ನು ಇದ್ದಲ್ಲೇ ಇಟ್ಟು ಹಿತ್ತಲಿಗೆ ಹೋದೆ. ಅತ್ತೆ ಕಲ್ಲಿನ ಮೇಲೆ ಸುಸ್ತಾಗಿ ಕೂತಿದ್ದಳು. “ಬಾರವ್ವ, ತಲೆ ಬಾಚ್ತೀನಿ,” ಎಂದಳು. ಅವಳ ಬೆರಳಿಗೆ ಕೊಬ್ಬರಿ ಎಣ್ಣೆಯ ವಾಸನೆ, ಹೊಟ್ಟೆಗೆ ಬೆಳಗಿನಿಂದ ಏನೂ ಇಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಇವಳು ಹೊಳಲ್ಕೆರೆಗೆ ಹೋಗಿಬಿಟ್ಟರೆ ನನ್ನ ತಲೆ ಬಾಚುವವರು ಯಾರು ಎನ್ನಿಸಿತು. ನಾನು ಬಾಯಿ ಬಿಡಲಿಲ್ಲ.

ಮೇಷ್ಟ್ರು ಬರುವುದು ನಿಂತಿತು. ಅತ್ತೆ ಅದೇ ಮನೆಯಲ್ಲಿ ರೊಟ್ಟಿ ಬಡಿಯುತ್ತಾ, ಬೀಜ ಹಾಕುತ್ತಾ ಮುದುಕಿಯಾಗಿ ತೀರಿಕೊಂಡಳು. ಅಪ್ಪನ ಸಮಾಧಿಯ ಕಲ್ಲಿನ ಮೇಲೆ ‘ನಂಬಿಗಸ್ತ ಕಾವಲುಗಾರ’ ಎಂದು ಸಭೆಯವರು ಕೆತ್ತಿಸಿದ್ದಾರೆ. ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಆದರೆ ಪೂರ್ತಿ ನಗಲು ಆಗುವುದಿಲ್ಲ. ಕಾಗದ ನೋಡಿದ ಆ ಸಂಜೆಯೂ ಡಬ್ಬಿ ಎಲ್ಲರ ಮುಂದೆ ಬಂತು. ಅತ್ತೆ ಹಿಡಿ ತುಂಬ ಬೀಜ ಹಾಕಿ ಅತ್ತಳು. ಅಪ್ಪ ಒಂದು ಹಾಕಿದರು. ನಾನು ಎಂದಿನಂತೆ ಎರಡು ಹಾಕಿದೆ.